ಬೇಸ್‌ಮೆಂಟ್ ಫಿನಿಶ್ ಮಾಡಿಸ್ತೀರಾ? ಮೊದಲು ವೈರಿಂಗ್ ಪ್ಲಾನ್ ಹಾಕಿ

ಅಮೆರಿಕದಲ್ಲಿ ಮನೆ ಕೊಂಡ ಕನ್ನಡಿಗರ ಮಾತು ಸ್ವಲ್ಪ ದಿನಕ್ಕೆ ಬೇಸ್‌ಮೆಂಟಿಗೆ ಬಂದೇ ಬರುತ್ತದೆ. ನ್ಯೂಜೆರ್ಸಿ, ಮಿಷಿಗನ್, ಇಲಿನಾಯ್ ಕಡೆಯ ಎಷ್ಟೋ ಮನೆಗಳಲ್ಲಿ ಕೆಳಗೆ ಇಡೀ ಒಂದು ಮಹಡಿಯಷ್ಟು ಜಾಗ ಸುಮ್ನೆ ಬಿದ್ದಿರುತ್ತದೆ. ಕಾಂಕ್ರೀಟ್ ನೆಲ, ಮೂಲೆಯಲ್ಲಿ ಮನೆ ಬೆಚ್ಚಗಿಡುವ ಫರ್ನೇಸು ಮತ್ತು ವಾಟರ್ ಹೀಟರ್, ದಾರ ಎಳೆದರೆ ಹತ್ತುವ ಎರಡೋ ಮೂರೋ ಬಲ್ಬು. ಅಲ್ಲಿ ಊರಿಂದ ಬರುವ ಅಪ್ಪ ಅಮ್ಮನಿಗೆ ಒಂದು ರೂಮು, ಮಕ್ಕಳಿಗೆ ಆಟದ ಜಾಗ, ಒಂದು ಹೋಮ್ ಥಿಯೇಟರ್, ಸಾಧ್ಯವಾದರೆ ಕರಿಯೋದು ಹುರಿಯೋದಕ್ಕೆ ಒಂದು ಪುಟ್ಟ ಅಡುಗೆ ಕಟ್ಟೆ. ಆಸೆಯ ಪಟ್ಟಿ ಹೀಗೆ ಬೆಳೆಯುತ್ತದೆ.

ಕಂಟ್ರಾಕ್ಟರ್ ಕೊಡುವ ಕೊಟೇಶನ್ ನೋಡಿ. ನೆಲಕ್ಕೆ ಯಾವ ವಿನೈಲು, ಬಾತ್‌ರೂಮಿಗೆ ಯಾವ ಟೈಲು ಅಂತ ಒಂದು ಪುಟ ಇರುತ್ತದೆ. ಕರೆಂಟಿಗೆ ಮಾತ್ರ ಒಂದೇ ಸಾಲು: "ಕೋಡ್ ಪ್ರಕಾರ ಲೈಟು ಮತ್ತು ಔಟ್‌ಲೆಟ್". ಈ ಸಾಲಿನ ಮೇಲೆ ಸಹಿ ಹಾಕಬೇಡಿ. ಕೋಡ್, ಅಂದರೆ ವೈರಿಂಗ್ ನಿಯಮಾವಳಿ, ಹೇಳುವುದು ಇದಕ್ಕಿಂತ ಕಡಿಮೆ ಇರಕೂಡದು ಅಂತ ಅಷ್ಟೇ. ನಿಮ್ಮ ಮನೆಯಲ್ಲಿ ಯಾರು ಎಲ್ಲಿ ಕೂರುತ್ತಾರೆ, ಏನು ಹಚ್ಚುತ್ತಾರೆ ಅನ್ನುವುದು ಕೋಡಿಗೆ ಗೊತ್ತಿಲ್ಲ. ಗೋಡೆಯ ಜಿಪ್ಸಂ ಹಲಗೆ, ಅಂದರೆ ಡ್ರೈವಾಲ್, ಮುಚ್ಚಿದ ಮೇಲೆ ಒಂದು ಔಟ್‌ಲೆಟ್ (ನಮ್ಮ ಸಾಕೆಟ್) ಸೇರಿಸಬೇಕೆಂದರೆ ಗೋಡೆ ಕತ್ತರಿಸಬೇಕು, ತೇಪೆ ಹಾಕಬೇಕು, ಮತ್ತೆ ಬಣ್ಣ ಬಳಿಯಬೇಕು. ಗೋಡೆಯ ಚೌಕಟ್ಟಿನ ಕಂಬಗಳು, ಅಂದರೆ ಸ್ಟಡ್‌ಗಳು, ಬಯಲಾಗಿ ನಿಂತಿರುವಾಗ ಅದೇ ಕೆಲಸ ಕೆಲವೇ ನಿಮಿಷದ್ದು.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿನ ಅಂಕಿಗಳು ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್‌ನ ಇತ್ತೀಚಿನ ಆವೃತ್ತಿಗಳವು. ಈ ಕೋಡ್ 3 ವರ್ಷಕ್ಕೊಮ್ಮೆ ಪರಿಷ್ಕರಣೆ ಆಗುತ್ತದೆ. ಎಲ್ಲ ರಾಜ್ಯಗಳೂ ಒಂದೇ ಆವೃತ್ತಿ ಪಾಲಿಸುವುದಿಲ್ಲ, ತಮ್ಮದೇ ತಿದ್ದುಪಡಿಗಳನ್ನೂ ಸೇರಿಸಿಕೊಳ್ಳುತ್ತವೆ. ನಿಮ್ಮ ಟೌನ್‌ಶಿಪ್‌ನ (ಸ್ಥಳೀಯ ಆಡಳಿತದ) ಇನ್‌ಸ್ಪೆಕ್ಟರ್ ಹೇಳಿದ್ದೇ ಕೊನೆಯ ಮಾತು.

ಮೊದಲು ನೀರು, ಆಮೇಲೆ ಕರೆಂಟು

ಗೋಡೆಯಲ್ಲಿ ಒರತೆ ಇದ್ದರೆ ವೈರಿಂಗ್ ಯೋಚನೆಯನ್ನು ಪಕ್ಕಕ್ಕಿಡಿ. ಒಂದು ಜೋರು ಮಳೆಗಾಲ, ಒಂದು ಹಿಮ ಕರಗುವ ಕಾಲ ನೋಡಿಕೊಂಡು ಮುಂದುವರಿದರೆ ಒಳ್ಳೆಯದು. ನೆಲದಿಂದ ಮನೆಯೊಳಗೆ ಸೇರುವ ವಿಕಿರಣಶೀಲ ಅನಿಲ ರೇಡಾನ್, ಅದರ ಪರೀಕ್ಷೆಯನ್ನೂ ಈಗಲೇ ಮಾಡಿಸಿ. ಪ್ರಮಾಣ ಲೀಟರ್ ಗಾಳಿಗೆ 4 ಪಿಕೋಕ್ಯೂರಿ ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಸರಿಪಡಿಸಿ ಅಂತ ಅಮೆರಿಕದ ಪರಿಸರ ಸಂಸ್ಥೆ ಇಪಿಎ ಹೇಳುತ್ತದೆ. ಹಾಗೆ ಬಂದರೆ ಒಂದು ಫ್ಯಾನ್ ಕೂರಿಸಬೇಕಾಗುತ್ತದೆ. ಆ ಫ್ಯಾನ್ ವರ್ಷವಿಡೀ ಓಡುತ್ತದೆ, ಅದಕ್ಕೂ ಕರೆಂಟು ಬೇಕು. ಗಾಳಿಯ ತೇವ ಹೀರುವ ಡೀಹ್ಯುಮಿಡಿಫೈಯರ್ ಎಲ್ಲಿ ನಿಲ್ಲುತ್ತದೆ ಅನ್ನುವುದೂ ಪ್ಲಾನಿನಲ್ಲಿ ಬರಲಿ.

ಪ್ಯಾನೆಲ್ ಹತ್ತಿರ ಹೋಗಿ ನಿಲ್ಲಿ

ಬ್ರೇಕರ್ ಪ್ಯಾನೆಲ್‌ನ (ನಮ್ಮೂರಿನ ಎಂಸಿಬಿ ಬಾಕ್ಸ್) ಬಾಗಿಲು ತೆರೆದು ಓದಿ. ಒಳಗಿನ ಲೋಹದ ಕವರ್ ಬಿಚ್ಚುವುದು ಬೇಡ. ಮೇನ್ ಬ್ರೇಕರ್ ಆಫ್ ಮಾಡಿದರೂ ಕಂಪನಿಯಿಂದ ಬರುವ ದಪ್ಪ ವೈರುಗಳಲ್ಲಿ ಕರೆಂಟು ಇದ್ದೇ ಇರುತ್ತದೆ. ಎಷ್ಟೋ ಜನರಿಗೆ ಇದು ಗೊತ್ತಿರುವುದಿಲ್ಲ.

ನೀವು ನೋಡಬೇಕಾದ್ದು ಎರಡು. ಮೇನ್ ಬ್ರೇಕರ್ ಮೇಲೆ 100 ಅಂತಿದೆಯಾ, 200 ಅಂತಿದೆಯಾ? ಖಾಲಿ ಸ್ಲಾಟ್ ಎಷ್ಟಿವೆ? ಸಾಧಾರಣ ಬೇಸ್‌ಮೆಂಟಿಗೆ ಎಂಟರ ಆಸುಪಾಸು ಸರ್ಕ್ಯೂಟ್ ಬೇಕಾಗುತ್ತದೆ, ಲೆಕ್ಕ ಮುಂದೆ ಬರುತ್ತದೆ. ಸ್ಲಾಟ್ ಸಾಲದಿದ್ದರೆ ಕೆಳಗೇ ಒಂದು ಸಬ್‌ಪ್ಯಾನೆಲ್, ಅಂದರೆ ಎರಡನೇ ಪ್ಯಾನೆಲ್, ಹಾಕಿಸಬಹುದು. ಆದರೆ ಸಬ್‌ಪ್ಯಾನೆಲ್ ಹಾಕಿದ ಮಾತ್ರಕ್ಕೆ ಮನೆಗೆ ಬರುವ ಕರೆಂಟು ಹೆಚ್ಚುವುದಿಲ್ಲ. 100 ಆಂಪ್ ಮನೆ, ಎಲೆಕ್ಟ್ರಿಕ್ ಒಲೆ, ಗ್ಯಾರೇಜಿನಲ್ಲಿ ಕಾರ್ ಚಾರ್ಜರ್, ಅದರ ಮೇಲೆ ಬೇಸ್‌ಮೆಂಟ್ ಅಂದರೆ ಎಲೆಕ್ಟ್ರಿಷಿಯನ್ ಹತ್ತಿರ ಲೋಡ್ ಲೆಕ್ಕ ಹಾಕಿಸಿ. ಮನೆಗೆ ಬರುವ ಸರ್ವೀಸನ್ನೇ 200 ಆಂಪ್‌ಗೆ ಏರಿಸುವುದು ದೊಡ್ಡ ಖರ್ಚು. ಅದು ಬೇಕಾ ಬೇಡವಾ ಅನ್ನುವುದು ಟೈಲ್ ಆರಿಸುವ ಮೊದಲು ತಿಳಿಯಬೇಕು.

ಪ್ಯಾನೆಲ್ ಮುಂದಿನ ಜಾಗ ನಿಮ್ಮದಲ್ಲ ಅಂದುಕೊಳ್ಳಿ. 30 ಇಂಚು ಅಗಲ, 36 ಇಂಚು ಆಳ, ಆರೂವರೆ ಅಡಿ ಎತ್ತರ ಖಾಲಿ ಇರಲೇಬೇಕು. ಅದನ್ನು ಬಟ್ಟೆ ಇಡುವ ಕ್ಲಾಸೆಟ್ ಒಳಗೆ ಸೇರಿಸುವಂತಿಲ್ಲ, ಬಾತ್‌ರೂಮಿನೊಳಗೂ ಇರುವಂತಿಲ್ಲ. ಗೋಡೆಗಳ ನಕ್ಷೆ ಬರೆಯುವಾಗ ಮೊದಲು ಗುರುತು ಮಾಡಬೇಕಾದ್ದು ಈ ಚೌಕವನ್ನೇ.

ಕಾಗದದ ಮೇಲೆ ಒಂದು ದಿನ ಬದುಕಿ

ಗ್ರಾಫ್ ಶೀಟ್ ಸಾಕು, ಒಂದು ಚೌಕ ಅಂದರೆ ಒಂದು ಅಡಿ. ಗೋಡೆ, ಬಾಗಿಲು, ಮೆಟ್ಟಿಲು, ಕಂಬಗಳನ್ನು ಬರೆಯಿರಿ. ನಂತರ ಸಾಮಾನು ಇಡಿ: ಸೋಫಾ, ಟಿವಿ, ಮಂಚ, ಟ್ರೆಡ್‌ಮಿಲ್. ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಅನ್ನುವುದನ್ನೂ ಹಾಕಿ, ಇಲ್ಲದಿದ್ದರೆ ಸ್ವಿಚ್ ಬಾಗಿಲ ಹಿಂದೆ ಹೋಗಿ ಕೂರುತ್ತದೆ. ಆಮೇಲೆ ಬೆಳಿಗ್ಗೆಯಿಂದ ರಾತ್ರಿವರೆಗೆ ಆ ಜಾಗದಲ್ಲಿ ಏನೇನು ನಡೆಯುತ್ತದೆ ಅಂತ ಮನೆಯವರೆಲ್ಲ ಕೂತು ಹೇಳಿಕೊಳ್ಳಿ. ಫೋನ್ ಎಲ್ಲಿ ಚಾರ್ಜ್ ಆಗುತ್ತದೆ, ಇಸ್ತ್ರಿ ಎಲ್ಲಿ, ವ್ಯಾಕ್ಯೂಮ್ ಕ್ಲೀನರ್ ಎಲ್ಲಿ. ನವರಾತ್ರಿಗೆ ಗೊಂಬೆ ಕೂರಿಸುವವರು ಆ ಗೋಡೆ ಯಾವುದು ಅಂತ ಈಗಲೇ ತೀರ್ಮಾನ ಮಾಡಿ. ಅಲ್ಲಿ ಒಂದು ಔಟ್‌ಲೆಟ್ ಅನ್ನು ಸ್ವಿಚ್ಚಿಗೆ ಕೊಡಿಸಿದರೆ ಸೀರಿಯಲ್ ಸೆಟ್ ಹಚ್ಚಲು ಹಂತಗಳ ಹಿಂದೆ ಕೈ ತೂರಿಸಬೇಕಿಲ್ಲ. ನಮ್ಮೂರಿನ ಹಾಗೆ ಪ್ರತಿ ಸಾಕೆಟ್ಟಿಗೂ ಸ್ವಿಚ್ ಇಲ್ಲಿ ಇರುವುದಿಲ್ಲ, ಕೇಳಿ ಹಾಕಿಸಿಕೊಳ್ಳಬೇಕು.

ಬೆಡ್‌ರೂಮ್ ಅಂತ ಬರೆದರೆ ಕಿಟಕಿಯ ನಿಯಮ ಬರುತ್ತದೆ. ಬೆಂಕಿ ಬಿದ್ದಾಗ ಹೊರಗೆ ಹಾರಿಕೊಳ್ಳುವಷ್ಟು ದೊಡ್ಡ ಕಿಟಕಿಯೋ ನೇರ ಹೊರಗೆ ಹೋಗುವ ಬಾಗಿಲೋ ಇರಬೇಕು. ಸಾಮಾನ್ಯ ಅಳತೆ 5.7 ಚದರ ಅಡಿ ತೆರೆಯುವ ಜಾಗ, ನೆಲದಿಂದ ಕಿಟಕಿ ಶುರುವಾಗುವ ಎತ್ತರ 44 ಇಂಚಿಗಿಂತ ಮೇಲೆ ಹೋಗಬಾರದು. ಇದು ವೈರಿಂಗ್ ವಿಷಯ ಅಲ್ಲ, ನಿಜ. ಆದರೆ ಎಷ್ಟೋ ಜನ ಇದನ್ನು ತಪ್ಪಿಸಿಕೊಳ್ಳಲು ಪರ್ಮಿಟ್ಟಿನಲ್ಲಿ "ಆಫೀಸ್ ರೂಮ್" ಅಂತ ಬರೆಸಿ ಆಮೇಲೆ ಮಂಚ ಹಾಕುತ್ತಾರೆ. ವಯಸ್ಸಾದ ಅಪ್ಪ ಅಮ್ಮ ಮಲಗುವ ರೂಮದು. ಈ ಚೌಕಾಸಿ ಬೇಡ.

ಸರ್ಕ್ಯೂಟ್ ಲೆಕ್ಕ

ಅಮೆರಿಕದ ಮಾಮೂಲಿ ಔಟ್‌ಲೆಟ್ 120 ವೋಲ್ಟಿನದು. 15 ಆಂಪ್ ಸರ್ಕ್ಯೂಟ್ 1800 ವ್ಯಾಟ್ ಹೊರುತ್ತದೆ, 20 ಆಂಪ್‌ನದು 2400. ಒಂದೇ ಸಮ 3 ಗಂಟೆ ಅಥವಾ ಅದಕ್ಕೂ ಮೇಲೆ ಉರಿಯುವ ಲೋಡ್ ಇದ್ದರೆ ಸರ್ಕ್ಯೂಟ್ ಹೊರುವುದರ 80 ಶೇಕಡಾ ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. 15 ಆಂಪ್‌ಗೆ 14 ಗೇಜ್ ತಾಮ್ರದ ವೈರು, 20 ಆಂಪ್‌ಗೆ 12 ಗೇಜ್ (ಗೇಜ್ ಸಂಖ್ಯೆ ಇಳಿದಷ್ಟೂ ವೈರು ದಪ್ಪ). ಅಂಗಡಿಯಲ್ಲಿ ಸಿಗುವ ಹೊಸ ಕೇಬಲ್‌ಗಳಲ್ಲಿ 14ರ ಮೇಲ್ಕವಚ ಬಿಳಿ, 12ರದು ಹಳದಿ. ಎಲೆಕ್ಟ್ರಿಷಿಯನ್ ಏನು ಎಳೆಯುತ್ತಿದ್ದಾನೆ ಅಂತ ದೂರದಿಂದಲೇ ತಿಳಿಯುತ್ತದೆ.

2023ರ ಕೋಡ್ ಹೇಳುವ ಕನಿಷ್ಠ ಚದರ ಅಡಿಗೆ 3 ವೋಲ್ಟ್ ಆಂಪ್, ಇಲ್ಲಿ ವ್ಯಾಟ್ ಅಂತಲೇ ತಿಳಿದರೆ ಸಾಕು. 800 ಚದರ ಅಡಿಗೆ 2400 ಆಯಿತು, ಅಂದರೆ 20 ಆಂಪ್. ಎರಡು 15 ಆಂಪ್ ಸರ್ಕ್ಯೂಟ್ ಹಾಕಿದರೆ ಲೈಟಿಗೂ ಮಾಮೂಲಿ ಔಟ್‌ಲೆಟ್‌ಗೂ ಕೋಡ್ ಪ್ರಕಾರ ಮುಗಿಯಿತು. ಆ ಎರಡರ ಮೇಲೆ ಟಿವಿ, ಆಂಪ್ಲಿಫೈಯರ್, ಟ್ರೆಡ್‌ಮಿಲ್, ಹೀಟರ್ ಹಾಕಿ ನೋಡಿ! ಟ್ರೆಡ್‌ಮಿಲ್ ಓಡಿದಾಗ ಲೈಟು ಮಿಣುಕುವುದು, ಹೀಟರ್ ಹಚ್ಚಿದರೆ ಬ್ರೇಕರ್ ಬೀಳುವುದು, ಎಲ್ಲವೂ ಹೀಗೆ ಕೋಡ್ ಪಾಲಿಸಿದ ಮನೆಯಲ್ಲೇ ನಡೆಯುತ್ತದೆ.

ನನ್ನ ಕೈಯಲ್ಲಿದ್ದರೆ ಹೀಗೆ ಹಂಚುತ್ತೇನೆ. ಲೈಟುಗಳಿಗೆ ಒಂದು 15 ಆಂಪ್, ಅದಕ್ಕೆ ಬೇರೆ ಏನೂ ಸೇರುವುದಿಲ್ಲ. ಔಟ್‌ಲೆಟ್ ಬ್ರೇಕರ್ ಬಿದ್ದರೂ ಕತ್ತಲಾಗಬಾರದು, ನೆಲಮಾಳಿಗೆ ಅಲ್ವಾ. ಥಿಯೇಟರ್ ಗೋಡೆಗೆ ಒಂದು 20. ಹಾಲ್‌ನ ಉಳಿದ ಔಟ್‌ಲೆಟ್‌ಗಳಿಗೆ ಒಂದು 20. ಬೆಡ್‌ರೂಮಿಗೆ ಒಂದು 20. ಬಾತ್‌ರೂಮ್ ಔಟ್‌ಲೆಟ್‌ಗೆ ಒಂದು 20, ಇದು ಕೋಡ್ ಕೇಳುವುದೇ. ಟ್ರೆಡ್‌ಮಿಲ್ ಇದ್ದರೆ ಅದಕ್ಕೇ ಒಂದು. ಅಡುಗೆ ಕಟ್ಟೆಗೆ ಎರಡು, ಅದರಲ್ಲೊಂದು ಫ್ರಿಜ್ಜಿಗೆ. ಬೇಸ್‌ಮೆಂಟಿನ ನೆಲದಡಿ ಸೇರುವ ನೀರನ್ನು ಹೊರಗೆ ಹಾಕುವ ಸಂಪ್ ಪಂಪ್‌ಗೆ ಪ್ರತ್ಯೇಕ ಒಂದು. ಇವೆಲ್ಲ ಹಾಕಿ ಎರಡು ಸ್ಲಾಟ್ ಖಾಲಿ ಉಳಿದರೆ ಪ್ಯಾನೆಲ್ ಸಾಕು.

ಬೆಡ್‌ರೂಮಿಗೆ 20 ಯಾಕೆ ಅಂತ ಕೇಳಬಹುದು. ಬೆಂಗಳೂರಿನ ಚಳಿಗೇ ಸ್ವೆಟರ್ ಹಾಕುವ ಅಮ್ಮ ಅಕ್ಟೋಬರ್‌ನಲ್ಲಿ ಬೇಸ್‌ಮೆಂಟಿನಲ್ಲಿ ಮಲಗಿದರೆ ಮರುದಿನವೇ ಸ್ಪೇಸ್ ಹೀಟರ್ ಬರುತ್ತದೆ. ಅದು 1500 ವ್ಯಾಟ್, ಅಂದರೆ 12.5 ಆಂಪ್. 15 ಆಂಪ್ ಸರ್ಕ್ಯೂಟಿನ 80 ಶೇಕಡಾ 12, ಆಗಲೇ ಮೀರಿತು. ಇನ್ನೂ ಒಳ್ಳೆಯ ದಾರಿ ಬೇಕೆಂದರೆ ಗೋಡೆಗೆ ಕೂರಿಸುವ 240 ವೋಲ್ಟ್ ಬೇಸ್‌ಬೋರ್ಡ್ ಹೀಟರ್‌ಗೆ ಈಗಲೇ ವೈರ್ ಎಳೆಸಿಡಿ. ನೆಲದ ಮೇಲೆ ಎಡವುವಂಥ ಹೀಟರ್ ಇರುವುದಿಲ್ಲ.

ಅಡುಗೆ ಕಟ್ಟೆ ಬಗ್ಗೆ ಎರಡು ಮಾತು. ಎಷ್ಟೋ ಊರುಗಳಲ್ಲಿ ಸಿಂಕು, ಫ್ರಿಜ್ಜು ಇಡಲು ಬಿಡುತ್ತಾರೆ, ಒಲೆ ಅಂದ ತಕ್ಷಣ ಎರಡನೇ ಮನೆ ಮಾಡ್ತಿದ್ದೀರಾ ಅಂತ ಕೇಳುತ್ತಾರೆ. ಟೌನ್‌ಶಿಪ್ಪಿನಲ್ಲಿ ವಿಚಾರಿಸದೆ ಒಲೆಗೆ ವೈರ್ ಎಳೆಸಬೇಡಿ. ಎರಡನೆಯದು, ಊರಿಂದ ತಂದ ಮಿಕ್ಸಿ, ಗ್ರೈಂಡರ್. "ಹೇಗೂ 240 ವೋಲ್ಟ್ ಇದೆಯಲ್ಲ, ಒಂದು ಇಂಡಿಯನ್ ಸಾಕೆಟ್ ಹಾಕಿಸಿಬಿಡೋಣ" ಅನ್ನುವ ಐಡಿಯಾ ತುಂಬ ಜನರಿಗೆ ಬರುತ್ತದೆ. ಬೇಡ. ಭಾರತದಲ್ಲಿ 230 ವೋಲ್ಟ್ ಅಂದರೆ ಒಂದು ಫೇಸ್, ಒಂದು ನ್ಯೂಟ್ರಲ್. ಇಲ್ಲಿನ 240ರಲ್ಲಿ ಎರಡೂ ವೈರುಗಳಲ್ಲಿ ಕರೆಂಟು, ಭೂಮಿಗೆ ಹೋಲಿಸಿದರೆ ತಲಾ 120. ನಮ್ಮ ಮಿಕ್ಸಿಯ ಸ್ವಿಚ್ ಸಾಮಾನ್ಯವಾಗಿ ಒಂದೇ ವೈರನ್ನು ಕಡಿಯುತ್ತದೆ. ಆಫ್ ಮಾಡಿದರೂ ಇನ್ನೊಂದರಲ್ಲಿ ಕರೆಂಟು ಉಳಿಯುತ್ತದೆ. ಮೋಟರ್ 50 ಹರ್ಟ್ಸ್‌ನದು, ಇಲ್ಲಿ 60. ಆ ಸಾಕೆಟ್ಟಿಗೆ ಇಲ್ಲಿನ ಸುರಕ್ಷತಾ ಮುದ್ರೆಯೂ ಇರುವುದಿಲ್ಲ, ಇನ್‌ಸ್ಪೆಕ್ಟರ್ ಒಪ್ಪುವುದಿಲ್ಲ. 110 ವೋಲ್ಟಿನ ಮಿಕ್ಸಿ, ವೆಟ್ ಗ್ರೈಂಡರ್ ಇಲ್ಲಿನ ಇಂಡಿಯನ್ ಅಂಗಡಿಗಳಲ್ಲೇ ಸಿಗುತ್ತವೆ.

ಔಟ್‌ಲೆಟ್, ಸ್ವಿಚ್, ಲೈಟು

ನಿಯಮ ಸುಲಭ. ಗೋಡೆಗುಂಟ ಎಲ್ಲಿ ನಿಂತರೂ 6 ಅಡಿಯೊಳಗೆ ಒಂದು ಔಟ್‌ಲೆಟ್ ಇರಬೇಕು. ಹಾಗಾಗಿ ಒಂದೇ ಗೋಡೆಯಲ್ಲಿ ಎರಡರ ನಡುವೆ 12 ಅಡಿಗಿಂತ ಜಾಸ್ತಿ ಅಂತರ ಇರುವಂತಿಲ್ಲ. 2 ಅಡಿ ಅಗಲದ ತುಂಡು ಗೋಡೆಗೂ ಒಂದು ಬೇಕು. ನಾನು 12ರ ಬದಲು 8 ಅಡಿಗೆ ಹಾಕಿಸಿ ಅನ್ನುತ್ತೇನೆ. ಮಂಚದ ಎರಡೂ ಬದಿ, ಮೇಜಿನ ಮೇಲ್ಮಟ್ಟ, ಟಿವಿ ಹಿಂದೆ ಎತ್ತರದಲ್ಲಿ ಒಂದು, ಮೆಟ್ಟಿಲ ಕೆಳಗಿನ ಸಾಮಾನು ಗೂಡಿನಲ್ಲಿ ಒಂದು. ಫರ್ನೇಸ್ ಇರುವ ಫಿನಿಶ್ ಆಗದ ಭಾಗಕ್ಕೂ ಕನಿಷ್ಠ ಒಂದು ಕೋಡೇ ಕೇಳುತ್ತದೆ.

ಮೆಟ್ಟಿಲ ಲೈಟಿಗೆ ಮೇಲೂ ಕೆಳಗೂ ಸ್ವಿಚ್ ಕಡ್ಡಾಯ. ನಾವು ಟೂ ವೇ ಅನ್ನುವ ಆ ಸ್ವಿಚ್ಚನ್ನು ಇಲ್ಲಿನ ಅಂಗಡಿಯಲ್ಲಿ ತ್ರೀ ವೇ ಅಂತ ಕೇಳಬೇಕು.

ಬೇಸ್‌ಮೆಂಟಿನ ಸೀಲಿಂಗ್ ತಗ್ಗು. ತೂಗುವ ದೀಪ ಬೇಡ. ತೆಳ್ಳನೆ ಎಲ್ಇಡಿ ಲೈಟುಗಳು ಡಕ್ಟ್ ಕೆಳಗೂ ಹಿಡಿಸುತ್ತವೆ. ಎಲ್ಲವನ್ನೂ ಒಂದೇ ಸ್ವಿಚ್ಚಿಗೆ ಕೊಡದೆ, ಟಿವಿ ಮುಂದಿನ ಸಾಲನ್ನು ಡಿಮ್ಮರ್ ಹಾಕಿ ಬೇರೆ ಮಾಡಿಸಿ. ಬಲ್ಬಿನ ಬಣ್ಣ ಎಲ್ಲ ಕಡೆ ಒಂದೇ ಇರಲಿ, 2700 ಅಥವಾ 3000 ಕೆಲ್ವಿನ್. ಇಲ್ಲದಿದ್ದರೆ ಒಂದು ಮೂಲೆ ಆಸ್ಪತ್ರೆ ವಾರ್ಡಿನ ಹಾಗೆ ಕಾಣುತ್ತದೆ. ಡಿಮ್ಮರ್, ಸ್ಮಾರ್ಟ್ ಸ್ವಿಚ್ ಹಾಕುವುದಿದ್ದರೆ ಆಳವಾದ ಬಾಕ್ಸ್ ಕೇಳಿ, ಸ್ವಿಚ್ ಬಾಕ್ಸಿಗೆ ನ್ಯೂಟ್ರಲ್ ಬಂದಿದೆಯಾ ಅಂತ ಖಾತ್ರಿ ಮಾಡಿಕೊಳ್ಳಿ.

ಪ್ರಾಣ ಕಾಯುವ ಸಾಧನಗಳು

ಭಾರತದಲ್ಲಿ ಕರೆಂಟು ಸೋರಿದರೆ ತಾನೇ ಕಡಿಯುವ ಆರ್‌ಸಿಸಿಬಿ ನೋಡಿದ್ದೀರಿ. ಮನೆಗಳಲ್ಲಿ ಸಾಮಾನ್ಯವಾಗಿ 30 ಮಿಲಿಆಂಪ್ ಸೋರಿದರೆ ಬೀಳುವಂಥದ್ದು ಇರುತ್ತದೆ. ಇಲ್ಲಿನ ಜಿಎಫ್‌ಸಿಐ ಅದೇ ತತ್ವದ್ದು, ಆದರೆ 4ರಿಂದ 6 ಮಿಲಿಆಂಪ್‌ಗೇ ಬೀಳುತ್ತದೆ. ಮೊದಲು ಫಿನಿಶ್ ಆಗದ ಬೇಸ್‌ಮೆಂಟಿಗೆ ಮಾತ್ರ ಕಡ್ಡಾಯವಿತ್ತು. 2020ರ ಕೋಡ್‌ನಿಂದ ಬೇಸ್‌ಮೆಂಟಿನ ಎಲ್ಲ ಔಟ್‌ಲೆಟ್‌ಗಳಿಗೂ ಬಂತು. ಬೆಡ್‌ರೂಮು, ಹಾಲು, ಆಟದ ಕೋಣೆಗಳಿಗೆ ವೈರಿನಲ್ಲಿ ಕಿಡಿ ಹಾರಿದರೆ ಪತ್ತೆ ಹಚ್ಚುವ ಎಎಫ್‌ಸಿಐ ಕೂಡ ಬೇಕು. ಎರಡೂ ಕೆಲಸ ಮಾಡುವ ಬ್ರೇಕರ್ ಸಿಗುತ್ತದೆ, ಬೆಲೆ ಜಾಸ್ತಿ, ಕೊಟೇಶನ್‌ನಲ್ಲಿ ಅದು ಸೇರಿದೆಯಾ ನೋಡಿ. ಪುಟ್ಟ ಮಕ್ಕಳು ಕಡ್ಡಿ ತೂರಿಸಿದರೂ ತೆರೆಯದ ಔಟ್‌ಲೆಟ್‌ಗಳು ಈಗ ಎಲ್ಲ ಕಡೆ ಕಡ್ಡಾಯ.

ಇಲ್ಲೊಂದು ಕಿರಿಕಿರಿ ಇದೆ. ಸಂಪ್ ಪಂಪ್‌ನ ಔಟ್‌ಲೆಟ್‌ಗೂ ಜಿಎಫ್‌ಸಿಐ ಬಂತು. ಡಿಸೆಂಬರ್‌ನಲ್ಲಿ ಮನೆಗೆ ಬೀಗ ಹಾಕಿ ಊರಿಗೆ ಹೋದಿರಿ, ಯಾವುದೋ ಕಾರಣಕ್ಕೆ ಅದು ಬಿತ್ತು ಅಂದುಕೊಳ್ಳಿ. ಪಂಪ್ ಓಡುವುದಿಲ್ಲ, ನೀರು ಹೊಸ ನೆಲದ ಮೇಲೆ. ಜಿಎಫ್‌ಸಿಐ ತೆಗೆಸುವುದು ಪರಿಹಾರ ಅಲ್ಲ. ಪಂಪ್‌ಗೆ ಬೇರೆ ಯಾವುದೂ ಸೇರದ ಸರ್ಕ್ಯೂಟ್ ಕೊಡಿ. ಬ್ಯಾಟರಿ ಮೇಲೆ ಓಡುವ ಎರಡನೇ ಪಂಪ್ ಇಡಿ, ಜೋರು ಮಳೆಯಲ್ಲೇ ಕರೆಂಟು ಹೋಗುವುದೂ ಉಂಟು. ನೀರು ಏರಿದರೆ ಫೋನಿಗೆ ಸುದ್ದಿ ಕಳಿಸುವ ಅಲಾರಂ ಹಾಕಿ, ಒಂದು ಬೀಗದ ಕೈ ಪಕ್ಕದ ಮನೆಯವರಿಗೆ ಕೊಡಿ.

ಹೊಗೆ ಅಲಾರಂ ಪ್ರತಿ ಬೆಡ್‌ರೂಮಿನಲ್ಲಿ, ಅದರ ಹೊರಗೆ, ಪ್ರತಿ ಮಹಡಿಯಲ್ಲಿ. ಎಲ್ಲವೂ ಒಂದಕ್ಕೊಂದು ಜೋಡಣೆಯಾಗಿರಬೇಕು. ಕೆಳಗೆ ಕೂಗಿದರೆ ಮೇಲಿನ ಕೋಣೆಯದೂ ಕೂಗಬೇಕು. ಗ್ಯಾಸ್ ಫರ್ನೇಸ್ ಇರುವ ಮನೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಡ ಬೇಕೇ ಬೇಕು. ಊದಿನಕಡ್ಡಿ ಹಚ್ಚುವ ಜಾಗದ ನೆತ್ತಿಯ ಮೇಲೆ ಅಲಾರಂ ಬಾರದಂತೆ ದೇವರ ಮೂಲೆಯನ್ನು ಆರಿಸಿಕೊಂಡರೆ ಬ್ಯಾಟರಿ ಕಿತ್ತಿಡುವ ಕೆಟ್ಟ ಅಭ್ಯಾಸ ಶುರುವಾಗುವುದಿಲ್ಲ.

ಇಂಟರ್ನೆಟ್ ಮತ್ತು ಸ್ಪೀಕರ್ ವೈರು

ವೈಫೈ ಇದೆ ಅಂತ ಬಿಡಬೇಡಿ. ಟಿವಿ ಹಿಂದಕ್ಕೆ, ಮೇಜಿನ ಹತ್ತಿರಕ್ಕೆ, ಸೀಲಿಂಗಿಗೆ ಒಂದೊಂದು ಕ್ಯಾಟ್ 6 ಕೇಬಲ್ ಎಳೆಸಿ. ಪವರ್ ಕೇಬಲ್ ಜೊತೆ ಒಂದೇ ತೂತಿನಲ್ಲಿ ತೂರಿಸುವುದು ಬೇಡ. ಪ್ರೊಜೆಕ್ಟರ್ ಯೋಚನೆ ಇದ್ದರೆ ಅಲ್ಲಿಗೆ ಒಂದು ದಪ್ಪ ಪ್ಲಾಸ್ಟಿಕ್ ಪೈಪ್ ಹಾಕಿಸಿ ಒಳಗೆ ದಾರ ಬಿಡಿ. ಎಚ್‌ಡಿಎಂಐ ಕೇಬಲ್ ಹಳೆಯದಾದಾಗ ಹೊಸದನ್ನು ಆ ದಾರಕ್ಕೆ ಕಟ್ಟಿ ಎಳೆದರೆ ಆಯಿತು.

ಕೆಲಸ ಯಾರದು, ಪರ್ಮಿಟ್ ಯಾರದು

ಸ್ವಂತ ಮನೆಯಲ್ಲಿ ತಾನೇ ವಾಸವಿರುವವನು ತಾನೇ ವೈರಿಂಗ್ ಮಾಡಲು ಹಲವು ರಾಜ್ಯಗಳು ಬಿಡುತ್ತವೆ, ಪರ್ಮಿಟ್ ಪಡೆದು. ಊರಲ್ಲಿ ಫ್ಯೂಸ್ ಹಾಕಿ, ಸಾಕೆಟ್ ಬದಲಾಯಿಸಿ ಅಭ್ಯಾಸ ಇರುವವರಿಗೆ ಕೈ ತುರಿಸುತ್ತದೆ. ಒಂದು ಎಚ್ಚರಿಕೆ ಕೊಡಲೇಬೇಕು. ಭಾರತದಲ್ಲಿ ಕಪ್ಪು ವೈರು ನ್ಯೂಟ್ರಲ್. ಕೆಂಪು, ಹಳದಿ, ನೀಲಿ ಫೇಸ್. ಅಮೆರಿಕದಲ್ಲಿ ಕಪ್ಪು ವೈರೇ ಫೇಸ್, ಕೆಂಪೂ ಫೇಸ್, ಬಿಳಿ ನ್ಯೂಟ್ರಲ್, ಅರ್ತ್ ಬರಿ ತಾಮ್ರ ಅಥವಾ ಹಸಿರು. ಕಪ್ಪು ಕಂಡ ಕೂಡಲೇ ಕೈ ಹಾಕುವ ಹಳೆಯ ಅಭ್ಯಾಸ ಇಲ್ಲಿ ಜೀವಕ್ಕೆ ಅಪಾಯ. ಬಿಳಿಯನ್ನೂ ಪೂರ್ತಿ ನಂಬಬೇಡಿ, ಹಳೆಯ ಸ್ವಿಚ್ ಬಾಕ್ಸ್‌ಗಳಲ್ಲಿ ಬಿಳಿ ವೈರಲ್ಲೂ ಕರೆಂಟು ಇರುವುದುಂಟು. ಟೆಸ್ಟರ್ ಹಚ್ಚದೆ ಯಾವುದನ್ನೂ ಮುಟ್ಟುವಂತಿಲ್ಲ. ನನ್ನ ಸಲಹೆ ಕೇಳಿದರೆ ಪ್ಯಾನೆಲ್, ಸಬ್‌ಪ್ಯಾನೆಲ್ ಕೆಲಸ ಲೈಸೆನ್ಸ್ ಇದ್ದವರಿಗೇ ಬಿಡಿ. ಸಬ್‌ಪ್ಯಾನೆಲ್‌ನಲ್ಲಿ ನ್ಯೂಟ್ರಲ್ ಮತ್ತು ಅರ್ತ್ ಬೇರೆ ಬೇರೆ ಇರಬೇಕು, ಮೇನ್‌ನಲ್ಲಿ ಮಾತ್ರ ಸೇರಬೇಕು. ಹವ್ಯಾಸಿಗಳು ಎಡವುವುದು ಇಲ್ಲೇ.

"ಪರ್ಮಿಟ್ ಬೇಡ ಸಾರ್, ಅರ್ಧ ದುಡ್ಡಲ್ಲಿ ಮುಗಿಸಿಕೊಡ್ತೀನಿ" ಅನ್ನುವ ಹ್ಯಾಂಡಿಮ್ಯಾನ್ ನಂಬರ್ ವಾಟ್ಸಾಪ್ ಗ್ರೂಪಿನಲ್ಲಿ ಸುಲಭವಾಗಿ ಸಿಗುತ್ತದೆ. ಆ ಉಳಿತಾಯ ಮನೆ ಮಾರುವ ದಿನ ಕೈ ಕೊಡುತ್ತದೆ. ಕೊಳ್ಳುವವರ ವಕೀಲರು ಬೇಸ್‌ಮೆಂಟ್ ಪರ್ಮಿಟ್ ಎಲ್ಲಿ ಅಂತ ಕೇಳುತ್ತಾರೆ. ಪರ್ಮಿಟ್ ಇಲ್ಲದ ಕೆಲಸಕ್ಕೆ ಗೋಡೆ ಬಿಚ್ಚಿ ತೋರಿಸಿ ಅಂತ ಟೌನ್‌ಶಿಪ್ ಹೇಳಲೂಬಹುದು.

ರಫ್ ಇನ್‌ಸ್ಪೆಕ್ಷನ್‌ನಿಂದ ಕೊನೆಯವರೆಗೆ

ಬಾಕ್ಸ್ ಕೂರಿಸಿ, ಕೇಬಲ್ ಎಳೆದು, ಇನ್ಸುಲೇಶನ್ ತುಂಬುವ ಮೊದಲು ಮೊದಲ ತಪಾಸಣೆ. ಅದಕ್ಕೆ ಮುಂಚೆ ನೀವೇ ನಕ್ಷೆ ಹಿಡಿದು ಒಂದು ಸುತ್ತು ಹಾಕಿ. ಸ್ಟಡ್‌ನ ಅಂಚಿನಿಂದ ಒಂದೂಕಾಲು ಇಂಚಿಗಿಂತ ಹತ್ತಿರದಲ್ಲಿ ಕೇಬಲ್ ಹೋಗಿದ್ದರೆ ಉಕ್ಕಿನ ತಗಡು ಹೊಡೆದಿರಬೇಕು, ಇಲ್ಲದಿದ್ದರೆ ಡ್ರೈವಾಲ್ ಸ್ಕ್ರೂ ನೇರ ವೈರಿಗೆ ಇಳಿಯುತ್ತದೆ. ಬಾಕ್ಸಿನಲ್ಲಿ 6 ಇಂಚು ವೈರು ಉಳಿದಿರಬೇಕು. ವೈರು ಸೇರುವ ಯಾವ ಬಾಕ್ಸೂ ಗೋಡೆಯೊಳಗೆ ಮುಚ್ಚಿಹೋಗಬಾರದು. ಹೊಸ ಸೀಲಿಂಗ್ ಹಾಕುವಾಗ ಹಳೆಯ ಬಲ್ಬಿನ ಬಾಕ್ಸುಗಳು ಹೀಗೆ ಕಾಣೆಯಾಗುವುದು ತುಂಬ ಸಾಮಾನ್ಯ.

ತಪಾಸಣೆ ಪಾಸಾದ ದಿನ ಎಲ್ಲ ಗೋಡೆ, ಸೀಲಿಂಗಿನ ಫೋಟೋ ತೆಗೆಯಿರಿ. ಪಕ್ಕದಲ್ಲಿ ಅಳತೆ ಟೇಪ್ ಹಿಡಿದು ತೆಗೆದರೆ ಮುಂದೆ ಟಿವಿ ಬ್ರಾಕೆಟ್ ಹೊಡೆಯುವಾಗ ಕೇಬಲ್ ಎಲ್ಲಿದೆ ಅಂತ ಇಂಚಿನ ಲೆಕ್ಕದಲ್ಲಿ ಗೊತ್ತಾಗುತ್ತದೆ. ಡ್ರೈವಾಲ್ ಆದ ಮೇಲೆ ಇನ್ನೊಂದು ಸಲ ಎಣಿಸಿ, ಒಂದೆರಡು ಬಾಕ್ಸ್ ಹಲಗೆಯ ಹಿಂದೆ ಉಳಿದುಬಿಟ್ಟಿರುತ್ತವೆ.

ಕೊನೆಯ ತಪಾಸಣೆಗೆ ಮುಂಚೆ ಪ್ಯಾನೆಲ್‌ನಲ್ಲಿ ಪ್ರತಿ ಬ್ರೇಕರ್‌ಗೂ ಹೆಸರು ಬರೆಸಿ. "ಬೇಸ್‌ಮೆಂಟ್ 1, 2, 3" ಅಂತ ಬರೆದರೆ ಪ್ರಯೋಜನವಿಲ್ಲ. "ಕೆಳಗಿನ ಬೆಡ್‌ರೂಮ್ ಔಟ್‌ಲೆಟ್", "ಸಂಪ್ ಪಂಪ್, ಆಫ್ ಮಾಡಬೇಡಿ" ಅಂತ ಇರಲಿ. ಕಂಟ್ರಾಕ್ಟರಿಗೆ ಕೊಡುವ ಹಣದಲ್ಲಿ ಕೊನೆಯ ಕಂತನ್ನು ಈ ತಪಾಸಣೆ ಪಾಸಾಗುವವರೆಗೆ ಹಿಡಿದಿಡಿ, ಒಪ್ಪಂದದಲ್ಲೇ ಹಾಗೆ ಬರೆಸಿ. ಟೌನ್‌ಶಿಪ್ ಕೊಡುವ ಅಂತಿಮ ಪತ್ರದ ಒಂದು ಪ್ರತಿಯನ್ನು ಆ ಫೋಟೋಗಳ ಜೊತೆಗೇ ಇಟ್ಟುಕೊಳ್ಳಿ, ಇನ್ನೊಂದನ್ನು ಮನೆ ಇನ್ಶೂರೆನ್ಸ್ ಕಂಪನಿಗೆ ಕಳಿಸಿ ಫಿನಿಶ್ ಆದ ಬೇಸ್‌ಮೆಂಟನ್ನು ಪಾಲಿಸಿಗೆ ಸೇರಿಸಿ. ಸಂಪ್ ಪಂಪ್ ಕೈಕೊಟ್ಟು ನೀರು ನುಗ್ಗಿದರೆ ಪರಿಹಾರ ಕೊಡುವ ಭಾಗವನ್ನು ಸಾಮಾನ್ಯವಾಗಿ ಬೇರೆಯೇ ಕೇಳಿ ಸೇರಿಸಿಕೊಳ್ಳಬೇಕಾಗುತ್ತದೆ.